ಪ್ರತಿಕ್ರಿಯೆ: ಇಂಗ್ಲಿಷ್ ಓಪನಿಂಗ್‌ನಲ್ಲಿ ಬಿ4 ಯಾವಾಗ?

ಮಂಡ್ಯದ ಕಡಿಮೆ ಸಮಯದ ಚೆಸ್ ಪಂದ್ಯವಾದ ರ‍್ಯಾಪಿಡ್‌ನಲ್ಲಿ ಬಿಳಿ ಕಾಯಿ ಹಿಡಿದು ಮೊದಲಿಗೇ ಸಿ4 (ಇದೇ ಇಂಗ್ಲಿಷ್ ಓಪನಿಂಗ್) ಆಡಿ, ಎದುರಾಳಿ ಡಿ5 ತಳ್ಳಿ, ಅಲ್ಲಿ ಪೇದೆಗಳು ಹೊಡೆದಾಡಿದ ಮೇಲೆ ಕುದುರೆಯನ್ನು ಡಿ5ರಿಂದ ಬಿ6ಗೆ ತಂದಾಗ ಏನು ಮಾಡಬೇಕೆಂದು ತೋಚಲಿಲ್ಲ ಅಂದಿದ್ದೀರಿ. ಇದು ಬಣ್ಣ ತಿರುಗಿಸಿದ ಡ್ರ್ಯಾಗನ್, ಅಂದರೆ ಸಾಮಾನ್ಯವಾಗಿ ಕಪ್ಪು ಆಡುವ ಆ ಹೆಸರಿನ ರಚನೆ ಇಲ್ಲಿ ಬಿಳಿಯ ಕೈಯಲ್ಲಿದೆ, ನಿಮಗೆ ಒಂದು ನಡೆ ಹೆಚ್ಚು. ನೀವು ಡಿ3, ಒಂಟೆ ಡಿ2, ಆನೆ ಸಿ1 ಅಂತ ನಾಲೆಗೆ ನೀರು ಕಾದ ಹಾಗೆ ಕಾದು ಆ ನಡೆಯನ್ನು ಖರ್ಚು ಮಾಡಿದ್ದೀರಿ.

ಕ್ಯಾಸಲಿಂಗ್ (ರಾಜನನ್ನು ಆನೆಯ ಕಡೆ ಸರಿಸಿ ಭದ್ರ ಮಾಡುವ ನಡೆ) ಆದ ತಕ್ಷಣ 8.ಎ3, 9.ಬಿ4 (ಅಂಕೆ ನಡೆಯ ಸಂಖ್ಯೆ; ಕಾಯಿಯ ಹೆಸರಿಲ್ಲದಿದ್ದರೆ ಅದು ಪೇದೆಯ ನಡೆ). ಇ5 ಪೇದೆಗೆ ಕಾವಲು ಸಿ6 ಕುದುರೆ. ಬಿ5 ತಳ್ಳಿ ಅದನ್ನು ಎಬ್ಬಿಸುವುದೇ ಉದ್ದೇಶ. ಆದರೆ ಕಪ್ಪು ಒಂಟೆ ಇ6ಗೆ ಬಂದಿದ್ದರೆ 10.ಬಿ5 ಆತುರ. ಕುದುರೆ ಡಿ4ಗೆ ಹಾರುತ್ತದೆ, ನೀವು ಆಸೆಗೆ ಬಿದ್ದು ಇ5 ಹೊಡೆದರೆ ಒಂಟೆ ಬಿ3! ನಿಮ್ಮ ರಾಣಿಗೆ ಇ1 ಬಿಟ್ಟು ಬೇರೆ ಮನೆಯಿಲ್ಲ, ಆಮೇಲೆ ಕುದುರೆ ಸಿ2ಗೆ ಬಂದು ರಾಣಿ, ಎ1 ಆನೆ ಎರಡಕ್ಕೂ ಗುರಿ.

ಅದಕ್ಕೇ ಮೊದಲು 10.ಆನೆ ಬಿ1. ಬಿ3 ಮನೆಗೆ ಕಾವಲಾಯಿತು, ಈಗ ಬಿ5 ಬೆದರಿಕೆ ನಿಜ. ಕಪ್ಪು ಸಾಮಾನ್ಯವಾಗಿ ಎಫ್6 ಆಡಿ ಇ5ಗೆ ಆಸರೆ ಕೊಡುತ್ತಾನೆ. 11.ಡಿ3, ಕಪ್ಪು ಎ5, 12.ಬಿ5, ಕಪ್ಪು ಕುದುರೆ ಡಿ4. ಇಲ್ಲಿ ಕುದುರೆ ಬದಲಾಯಿಸಬೇಡಿ, ಇ5 ಪೇದೆ ಡಿ4ಗೆ ಬಂದು ನಿಮ್ಮ ಸಿ3 ಕುದುರೆಯನ್ನೇ ಓಡಿಸುತ್ತದೆ. 13.ಕುದುರೆ ಡಿ2 ಆಡಿ: ಜಿ2 ಒಂಟೆಯ ಕಣ್ಣು ನೇರ ಬಿ7 ಮೇಲೆ, ಮುಂದಿನದು ಇ3.

ನಿಮ್ಮ ಎದುರಾಳಿ 6ನೇ ನಡೆಯಲ್ಲೇ ಕುದುರೆ ಹಿಂತೆಗೆಯದೆ ಒಂಟೆ ಇ7 ಆಡಿದ್ದರೆ, ಕುದುರೆಯಿಂದ ಇ5 ಹೊಡೆಯಿರಿ. ಅವನು ತಿರುಗಿ ಹೊಡೆದರೆ ಡಿ5ರಲ್ಲಿರುವ ಅವನ ಕುದುರೆಯನ್ನು ನೀವು ಹೊಡೆಯುತ್ತೀರಿ, ಒಂದು ಪೇದೆ ಲಾಭ.