‘ಅವಳು ನನ್ನನ್ನ ಅಕ್ಕ ಅಂದ್ಲು ಮೇಡಂ’

ದಾವಣಗೆರೆಯಲ್ಲಿ ನಾನು ಆಪ್ತಸಲಹೆಗಾರ್ತಿ. ಈ ಪ್ರಕರಣವನ್ನು ಹುಡುಗಿಯ ಮತ್ತು ಅವಳ ಮನೆಯವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಹುಡುಗಿಯನ್ನು ಇಲ್ಲಿ ಪುಟ್ಟಿ ಎಂದೇ ಕರೆಯುತ್ತೇನೆ. ಒಂಬತ್ತನೇ ತರಗತಿ, ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆ. ತಂದೆಗೆ ಗೊಬ್ಬರದ ಅಂಗಡಿ ಇದೆ.

ಮೊದಲ ದಿನ ಮಾತಾಡಿದ್ದು ತಾಯಿ. “ಮೂರು ವಾರದಿಂದ ರಾತ್ರಿ ಊಟ ಸೇರ್ತಿಲ್ಲ ಮೇಡಂ. ಎರಡು ತುತ್ತು ತಿಂದು ಎದ್ದು ಬಿಡ್ತಾಳೆ. ನಡುರಾತ್ರಿ ಎದ್ದು ನೋಡಿದ್ರೆ ಹೊದಿಕೆ ಒಳಗೆ ಮೊಬೈಲ್ ಬೆಳಕು.” ಸಂಬಂಧಿಕರ ಮದುವೆಯಲ್ಲಿ ಪಕ್ಕದವರು ಎಲೆಯಲ್ಲಿ ಹೋಳಿಗೆ ಬಿಟ್ಟಿದ್ದನ್ನು ಕಂಡು ಪುಟ್ಟಿ ಪಂಕ್ತಿಯಿಂದಲೇ ಎದ್ದು ನಿಂತಳಂತೆ. “ಅಲ್ಲಿ ಜನ ಹಸಿದು ಸಾಯ್ತಿದಾರೆ, ನೀವಿಲ್ಲಿ ಚೆಲ್ತಿದೀರ” ಎಂದು ಎಲ್ಲರೆದುರು ಕೂಗಿದಳಂತೆ. ತಂದೆಗೆ ಆ ಅವಮಾನ ಇನ್ನೂ ಆರಿರಲಿಲ್ಲ. “ಅಲ್ಲಿ ಅಂದ್ರೆ ಸುಡಾನ್ ಅಂತೆ. ನಮಗೂ ಸುಡಾನಿಗೂ ಏನ್ ಸಂಬಂಧ ಹೇಳ್ರಿ” ಎಂದರು.

ಇಬ್ಬರನ್ನೂ ಹೊರಗೆ ಕೂರಿಸಿ ಪುಟ್ಟಿಯ ಜೊತೆ ಮಾತಾಡಿದೆ. ಅವಳ ಶಾಲೆಯಲ್ಲಿ ಒಂದು ಕ್ಲಬ್ ಇದೆ. ವರ್ಷಕ್ಕೊಮ್ಮೆ ವಿಶ್ವಸಂಸ್ಥೆಯ ಅಣಕು ಅಧಿವೇಶನ, ನಡುವೆ ಸೇವಾ ಕಾರ್ಯಕ್ರಮ. ಅಧಿವೇಶನದಲ್ಲಿ ಒಬ್ಬೊಬ್ಬರು ಒಂದೊಂದು ದೇಶದ ಪರ ಮಾತಾಡಬೇಕು. ಇವಳಿಗೆ ಬಂದಿದ್ದು ಸುಡಾನ್. ಹುಡುಗಿ ಎಷ್ಟು ಚೆನ್ನಾಗಿ ಓದಿಕೊಂಡಿದ್ದಳು ಅಂದರೆ, ಕೇಳಲು ನನಗೇ ಖುಷಿಯಾಯಿತು. 2023ರ ಏಪ್ರಿಲ್ 15ರಂದು ಖಾರ್ಟೂಮಿನಲ್ಲಿ ಸೇನೆಗೂ ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಗೂ ಕಾಳಗ ಶುರುವಾಯಿತು ಎಂದಳು. ಆಗ ಎಲ್ ಫಾಶರ್ ಊರಿನಲ್ಲಿ ಗಿಡಮೂಲಿಕೆ ಔಷಧಿ, ಎಣ್ಣೆ ಮಾರಲು ಹೋಗಿದ್ದ ಕರ್ನಾಟಕದ ಹಕ್ಕಿಪಿಕ್ಕಿ ಬುಡಕಟ್ಟಿನ ಜನ ಸಿಕ್ಕಿಹಾಕಿಕೊಂಡಿದ್ದರು. “ಅದ್ರಲ್ಲಿ ನಮ್ಮ ಚನ್ನಗಿರಿ ಕಡೆಯವ್ರೂ ಇದ್ರು ಮೇಡಂ” ಎಂದಳು. ‘ಆಪರೇಷನ್ ಕಾವೇರಿ’ಯಲ್ಲಿ ಭಾರತೀಯರನ್ನು ಪೋರ್ಟ್ ಸುಡಾನ್‌ನಿಂದ ಜೆಡ್ಡಾ ದಾಟಿಸಿ ಕರೆತಂದಿದ್ದನ್ನೂ ಹೇಳಿದಳು. ಭದ್ರತಾ ಮಂಡಳಿಯಲ್ಲಿ 15 ದೇಶ, ಅದರಲ್ಲಿ 5ಕ್ಕೆ ಮಾತ್ರ ವೀಟೊ, ಅಂದರೆ ನಿರ್ಣಯವನ್ನು ಒಬ್ಬರೇ ತಡೆಯುವ ಅಧಿಕಾರ ಎಂಬುದೆಲ್ಲ ಅವಳಿಗೆ ಬಾಯಿಪಾಠ.

ಆಮೇಲೆ ದನಿ ತಗ್ಗಿಸಿದಳು. “ಸುಡಾನ್ ಪರ ಮಾತಾಡಿ ನಂಗೆ ಟ್ರೋಫಿ ಬಂತು. ಸುಡಾನಿಗೆ ಏನು ಬಂತು ಮೇಡಂ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಇಲ್ಲ ಅಂತಲೇ ಹೇಳಿದೆ.

ಊಟ, ನಿದ್ದೆ ಎರಡೂ ಕೆಟ್ಟಿರುವ ಮಕ್ಕಳಿಗೆ ಒಂದು ಪ್ರಶ್ನೆಯನ್ನು ನಾನು ನೇರವಾಗಿ ಕೇಳುತ್ತೇನೆ. ಸಾಯಬೇಕು ಅನ್ನಿಸಿದೆಯಾ, ನಿನಗೆ ನೀನೇ ನೋವು ಮಾಡಿಕೊಳ್ಳಬೇಕು ಅನ್ನಿಸಿದೆಯಾ ಅಂತ. ಕೇಳಿದರೆ ಮಕ್ಕಳ ತಲೆಗೆ ಆ ಯೋಚನೆ ಹಾಕಿದ ಹಾಗೆ ಆಗುತ್ತೆ ಎಂದು ಅಪ್ಪ ಅಮ್ಮ ಹೆದರುತ್ತಾರೆ. ಹಾಗಾಗುವುದಿಲ್ಲ. ಒಳಗೆ ಇಟ್ಟುಕೊಂಡವರಿಗೆ ಹೇಳಲು ದಾರಿ ಸಿಗುತ್ತೆ, ಅಷ್ಟೆ. ಪುಟ್ಟಿ ಇಲ್ಲ ಎಂದಳು. ಆದರೂ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ನಂಬರನ್ನು ಅವಳ ಡೈರಿಯಲ್ಲಿ ಬರೆಸಿದೆ. ತೂಕ ಇಳಿದಿದ್ದರಿಂದ ಮೊದಲು ವೈದ್ಯರ ಹತ್ತಿರ ಕಳಿಸಿದೆ. ದೇಹದಲ್ಲಿ ಅಂಥ ತೊಂದರೆ ಏನೂ ಕಾಣಲಿಲ್ಲ.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಯುದ್ಧದ ಸುದ್ದಿ ನೋಡಿ ನೋಡಿ ಮಗು ಬಳಲಿದೆ, ಇಷ್ಟೇ ವಿಷಯ ಅಂದುಕೊಂಡೆ. ರಾತ್ರಿ ಮೊಬೈಲ್ ಅಮ್ಮನ ಕೋಣೆಯಲ್ಲಿ. ವಿಡಿಯೋ ಬೇಡ, ಓದು ಸಾಕು. ಅದೂ ದಿನಕ್ಕೆ ಒಂದೇ ಸಲ, ಸಂಜೆ ಹೊತ್ತಿನಲ್ಲಿ. ಸಲಹೆ ತಪ್ಪಲ್ಲ, ಈಗಲೂ ಇದನ್ನೇ ಹೇಳುತ್ತೇನೆ. ಎರಡು ವಾರದಲ್ಲಿ ನಿದ್ದೆ ಸ್ವಲ್ಪ ಸುಧಾರಿಸಿತು. ಊಟ ಮಾತ್ರ ಇದ್ದ ಹಾಗೇ ಇತ್ತು.

ಮೂರನೇ ಭೇಟಿಗೆ ಕ್ಲಬ್ಬಿನ ಫೈಲ್ ತಾ ಎಂದಿದ್ದೆ. ಪ್ಲಾಸ್ಟಿಕ್ ಕವರುಗಳ ದಪ್ಪ ಫೈಲು. ಭಾಷಣದ ಹಾಳೆ, ಸರ್ಟಿಫಿಕೇಟು, ಫೋಟೋಗಳು. ಅವಳೇ ಪುಟ ತಿರುಗಿಸಿ ತೋರಿಸುತ್ತಿದ್ದಳು. ಒಂದು ಕಡೆ ಎರಡು ಕವರನ್ನು ಒಟ್ಟಿಗೆ ಹಿಡಿದು ದಾಟಿಸಿದಳು. ವಾಪಸ್ ಬರುವಾಗಲೂ ಅದೇ ಜಾಗದಲ್ಲಿ ಹಾಗೇ ಮಾಡಿದಳು.

“ಅದರಲ್ಲಿ ಏನಿದೆ ಪುಟ್ಟಿ?”

ತುಂಬಾ ಹೊತ್ತು ಸುಮ್ನೆ ಕೂತಿದ್ದಳು. ಆಮೇಲೆ ತೆಗೆದು ತೋರಿಸಿದಳು. ಸರ್ಕಾರಿ ಪ್ರೌಢಶಾಲೆಯೊಂದರ ಅಂಗಳ. ಹಿಂದೆ ಕ್ಲಬ್ಬಿನ ಬ್ಯಾನರ್. ಪುಟ್ಟಿ ಒಬ್ಬ ಹುಡುಗಿಯ ಕೈಗೆ ನೀಲಿ ಬ್ಯಾಗು ಕೊಡುತ್ತಿದ್ದಾಳೆ. ಇಬ್ಬರೂ ಕ್ಯಾಮೆರಾ ನೋಡುತ್ತಿದ್ದಾರೆ. ಒಬ್ಬರನ್ನೊಬ್ಬರು ನೋಡುತ್ತಿಲ್ಲ.

ಬ್ಯಾಗು ತೆಗೆದುಕೊಂಡ ಹುಡುಗಿ ಪುಟ್ಟಿಯ ಹಳೆಯ ಗೆಳತಿ. ನಾಲ್ಕನೇ ತರಗತಿಯವರೆಗೆ ಇಬ್ಬರೂ ಒಂದೇ ಬೆಂಚು, ಒಂದೇ ಡಬ್ಬಿ. ಗೆಳತಿಯ ಅಪ್ಪ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಾರೆ. ಪುಟ್ಟಿಯ ಅಪ್ಪನ ಅಂಗಡಿ ಕೈಹಿಡಿದ ಮೇಲೆ ಇವಳು ಶಾಲೆ ಬದಲಿಸಿದಳು. ಮನೆಯೂ ಊರಿನ ಇನ್ನೊಂದು ಮಗ್ಗುಲಿಗೆ ಹೋಯಿತು. ಐದು ವರ್ಷ ಆದ ಮೇಲೆ ಸಿಕ್ಕಿದ್ದು ಹೀಗೆ. ಬ್ಯಾಗು ತೆಗೆದುಕೊಂಡವರೆಲ್ಲ ಥ್ಯಾಂಕ್ಯೂ ಅಕ್ಕ, ಥ್ಯಾಂಕ್ಯೂ ಅಣ್ಣ ಅನ್ನಬೇಕು ಎಂದು ಅಲ್ಲಿ ಮೊದಲೇ ಹೇಳಿಕೊಟ್ಟಿದ್ದರು.

“ಅವಳು ನನ್ನನ್ನ ಅಕ್ಕ ಅಂದ್ಲು ಮೇಡಂ. ನನಗಿಂತ ಎರಡು ತಿಂಗಳು ದೊಡ್ಡವಳು ಅವಳು.”

ಅಷ್ಟು ಹೇಳಿ ಅತ್ತಳು. ನಾನು ತಡೆಯಲಿಲ್ಲ. ಅದೇ ಫೋಟೋ ಶಾಲೆಯ ವಾಟ್ಸಾಪ್ ಗುಂಪಿಗೂ ಹೋಗಿತ್ತು, ಗೇಟಿನ ಫ್ಲೆಕ್ಸಿಗೂ ಏರಿತ್ತು. ದಿನಾ ಅದರ ಕೆಳಗೇ ಇವಳು ಶಾಲೆಗೆ ಹೋಗಬೇಕಿತ್ತು. ಊಟ ಬಿಟ್ಟಿದ್ದು ಆ ವಾರದಿಂದಲೇ. ಸುಡಾನಿನ ಸಂಕಟ ಸುಳ್ಳಲ್ಲ, ಅದೂ ನಿಜವೇ. ಆದರೆ ಗಂಟಲಲ್ಲಿ ಸಿಕ್ಕಿಕೊಂಡಿದ್ದು ಇದು. ದೂರದ ಹಸಿವಿನ ಬಗ್ಗೆ ಅವಳಿಗೆ ಮಾತಾಡಲು ಬರುತ್ತಿತ್ತು. ಇದರ ಬಗ್ಗೆ ಯಾರ ಹತ್ತಿರ, ಏನಂತ ಮಾತಾಡೋದು ಅಂತ ಗೊತ್ತಿರಲಿಲ್ಲ.

ಪುಟ್ಟಿಗೆ ನಾನು ಕೊಟ್ಟ ಕೆಲಸ ಒಂದೇ. ಗೆಳತಿಯ ಮನೆಗೆ ಹೋಗು. ಬ್ಯಾಗು, ಬಿಸ್ಕತ್ತು, ಉಡುಗೊರೆ ಏನೂ ಬೇಡ. ಮೊಬೈಲೂ ಬೇಡ. “ಬೈದ್ರೆ?” ಎಂದಳು. ಬೈದರೆ ಬೈಸಿಕೊಂಡು ಬಾ ಎಂದೆ. ಏನು ಹೇಳಬೇಕು ಅಂತ ಇಬ್ಬರೂ ನಾಲ್ಕೈದು ಸಲ ಆಡಿ ನೋಡಿದೆವು. ಮೊದಲು ಅವಳು ಬರೆದುಕೊಂಡು ಬಂದಿದ್ದು ಅಧಿವೇಶನದ ಭಾಷಣದ ಹಾಗಿತ್ತು. ಕೊನೆಗೆ ಉಳಿದಿದ್ದು ಒಂದೇ ಸಾಲು: “ಅವತ್ತು ನಿನ್ನ ಹೆಸರು ಹಿಡಿದು ಮಾತಾಡಿಸಬೇಕಿತ್ತು, ಮಾತಾಡಿಸಲಿಲ್ಲ.”

ಭಾನುವಾರ ಅಮ್ಮನ ಜೊತೆ ಹೋದಳು. ಗೆಳತಿ ಬೈಯಲಿಲ್ಲ. ಎಲ್ಲ ಕೇಳಿಸಿಕೊಂಡು, “ಆ ಬ್ಯಾಗಿನ ಜಿಪ್ಪು ವಾರಕ್ಕೇ ಹೋಯ್ತು ಕಣೆ” ಎಂದಳಂತೆ. ಆಮೇಲೆ ಭಟ್ಟಿಗೆ ಕರೆದುಕೊಂಡು ಹೋಗಿ, ಆಗಷ್ಟೇ ಉರಿಯಿಂದ ಇಳಿದ ಮಂಡಕ್ಕಿಯನ್ನು ಇಬ್ಬರ ಮಡಿಲಿಗೂ ಸುರಿದಳಂತೆ. ತಾಯಿ ನನಗೆ ಫೋನ್ ಮಾಡಿ ಹೇಳಿದ್ದು ಇಷ್ಟೇ: “ಮಡಿಲು ಖಾಲಿಯಾಗೋ ತನಕ ತಿಂದ್ಲು ಮೇಡಂ.”

ತಂದೆಯ ಜೊತೆ ಬೇರೆಯೇ ಕೂತೆ. ಅವರ ಪ್ರಶ್ನೆಯನ್ನು ನಾನು ಮರೆತಿರಲಿಲ್ಲ. ನಿಮ್ಮ ಅಂಗಡಿಯ ಪೊಟ್ಯಾಷ್ ಎಲ್ಲಿಂದ ಬರುತ್ತೆ ಎಂದು ಕೇಳಿದೆ. ಆ ಮನುಷ್ಯ ಬಾಯಿ ಬಿಟ್ಟಿದ್ದೇ ಆಗ. ಪೊಟ್ಯಾಷ್ ನಮ್ಮಲ್ಲಿ ಸಿಗೋದಿಲ್ಲ, ಎಲ್ಲ ಹೊರಗಿನದೇ. ಕೆನಡಾ, ರಷ್ಯಾ, ಬೆಲಾರುಸ್, ಜೋರ್ಡಾನ್, ಇಸ್ರೇಲ್. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ಚೀಲದ ಬೆಲೆ ಏರಿ, ಮೆಕ್ಕೆಜೋಳ ಹಾಕುವ ರೈತರು ಬಂದು ಇವರನ್ನೇ ಬೈದಿದ್ದರಂತೆ. ಹೇಳುತ್ತಾ ಹೇಳುತ್ತಾ ಅವರೇ ರಾಣೆಬೆನ್ನೂರು ಕಡೆಯ ಆ ವೈದ್ಯಕೀಯ ವಿದ್ಯಾರ್ಥಿಯನ್ನು ನೆನೆದರು. 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ದಾಳಿಗೆ ಸಿಕ್ಕಿ ತೀರಿಕೊಂಡ ಹುಡುಗ. ಅವನ ದೇಹವನ್ನು ಅಪ್ಪ ಅಮ್ಮ ಇದೇ ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ಮಕ್ಕಳ ಓದಿಗೆ ಅಂತ ಕೊಟ್ಟರು. “ಅವತ್ತು ಅಂಗಡಿ ಟಿವಿ ಮುಂದೆ ನಾನೂ ಅತ್ತಿದ್ದೆ” ಎಂದರು. ಸುಡಾನಿಗೂ ನಮಗೂ ಏನು ಸಂಬಂಧ ಎಂಬ ಮಾತು ಮತ್ತೆ ಬರಲಿಲ್ಲ. ಸಂಜೆ ಪೇಪರ್ ಓದುವ ಹೊತ್ತನ್ನು ಮಗಳ ಜೊತೆ ಕಳೆಯಿರಿ, ಅಟ್ಲಾಸ್ ಎದುರಿಗೆ ಇಟ್ಟುಕೊಳ್ಳಿ ಎಂದೆ. ‘ಅದನ್ನೆಲ್ಲ ಯೋಚನೆ ಮಾಡ್ಬೇಡ’ ಅನ್ನುವುದನ್ನು ಮಾತ್ರ ಬಿಟ್ಟುಬಿಡಿ ಎಂದೆ. ಆ ಮಾತು ಕೇಳಿದ ಮಗು ಯೋಚನೆ ಬಿಡುವುದಿಲ್ಲ, ಹೇಳುವುದನ್ನು ಬಿಡುತ್ತೆ.

ಪುಟ್ಟಿಯ ಟ್ರೋಫಿಯ ಪ್ರಶ್ನೆಗೂ ಏನಾದರೂ ಹೇಳಬೇಕಿತ್ತು ಅಲ್ವಾ? ಪೋಲಿಯೋ ಕಥೆ ಹೇಳಿದೆ. 1995ರಲ್ಲಿ ಪಲ್ಸ್ ಪೋಲಿಯೋ ಶುರು. ಭಾನುವಾರದ ಬೂತುಗಳು, ಅಂಗನವಾಡಿಯವರು, ಆಶಾ ಕಾರ್ಯಕರ್ತೆಯರು, ಮನೆ ಮನೆ ಬಾಗಿಲ ಮೇಲೆ ಸೀಮೆಸುಣ್ಣದ ಗುರುತು. ದೇಶದ ಕೊನೆಯ ಪ್ರಕರಣ ಕಂಡಿದ್ದು 2011ರ ಜನವರಿಯಲ್ಲಿ, ಪೋಲಿಯೋ ಮುಕ್ತ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಪ್ರಮಾಣಪತ್ರ ಬಂದಿದ್ದು 2014ರ ಮಾರ್ಚ್‌ನಲ್ಲಿ. ಭಾಷಣ ಮಾಡಿದ ತಿಂಗಳಲ್ಲೇ ಏನೂ ಬದಲಾಗಿರಲಿಲ್ಲ. ಅವಳು ಬೆರಳೆಣಿಸಿ, “ಹತ್ತೊಂಬತ್ತು ವರ್ಷ” ಎಂದಳು.

ಇನ್ನು ಕ್ಲಬ್ಬಿನ ಶಿಕ್ಷಕಿ. ಪುಟ್ಟಿಯ ಒಪ್ಪಿಗೆ ಕೇಳಿಯೇ ಅವರನ್ನು ಕಂಡೆ. ಒಳ್ಳೆಯ ಮನಸ್ಸಿನವರು, ಮಕ್ಕಳಿಗಾಗಿ ಭಾನುವಾರಗಳನ್ನೇ ಕೊಟ್ಟವರು. ಅದಕ್ಕೇ ನೇರವಾಗಿ ಹೇಳಿದೆ: ಮಠದ ದಾಸೋಹದಲ್ಲಿ ಊಟಕ್ಕೆ ಕೂತವರಿಗೆ ಥ್ಯಾಂಕ್ಯೂ ಹೇಳಿ ಅಂತ ಯಾರಾದರೂ ಹೇಳಿಕೊಡ್ತಾರಾ? ಬಡಿಸಿದವರೂ ಆಮೇಲೆ ಅದೇ ಸಾಲಿನಲ್ಲಿ ಕೂತು ಉಣ್ಣುತ್ತಾರೆ. ಕೊಡುವ ಮೊದಲು ಏನು ಬೇಕು ಅಂತ ಆ ಮಕ್ಕಳನ್ನೇ ಕೇಳಿ. ತೆಗೆದುಕೊಳ್ಳುವವರ ಮುಖದ ಫೋಟೋ ಬೇಡ. ಗೇಟಿನ ಫ್ಲೆಕ್ಸ್ ಮೊದಲು ಇಳಿಸಿ. ಇದರಲ್ಲಿ ನಾನು ರಾಜಿ ಆಗುವುದಿಲ್ಲ. ಇನ್ನೊಬ್ಬರ ಮಗುವಿನ ಬಡತನವನ್ನು ಗೇಟಿಗೆ ಕಟ್ಟುವ ಹಕ್ಕು ಯಾರಿಗೂ ಇಲ್ಲ.

ಫ್ಲೆಕ್ಸ್ ಎರಡು ದಿನದಲ್ಲಿ ಇಳಿಯಿತು. ವರದಿಗೆ ಫೋಟೋ ಬೇಕೇ ಬೇಕು ಎಂದು ಆಡಳಿತ ಮಂಡಳಿ ಇನ್ನೂ ಹಟ ಹಿಡಿದಿದೆ. ಕ್ಲಬ್ಬಿನ ಮಕ್ಕಳು ಸರ್ಕಾರಿ ಶಾಲೆಗೆ ಹೋಗಿ ಕೇಳಿದರು. ಪಠ್ಯಪುಸ್ತಕ, ಸಮವಸ್ತ್ರ, ಶೂ, ಬಿಸಿಯೂಟ, ಹಾಲು ಎಲ್ಲ ಸರ್ಕಾರವೇ ಕೊಡುತ್ತೆ. ಹೆಣ್ಣುಮಕ್ಕಳು ಹೇಳಿದ್ದು ಬೇರೆ. ಶೌಚಾಲಯದ ಬಾಗಿಲಿಗೆ ಚಿಲಕ ಇಲ್ಲ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಬಾಗಿಲು ಹಿಡಿದು ನಿಲ್ಲಬೇಕು. ಅದೇ ವಾರ ಚಿಲಕ ಬಂತು. ಇನ್ನೊಂದನ್ನೂ ಕೇಳಿದರು: ನಿಮ್ಮ ಅಧಿವೇಶನಕ್ಕೆ ನಾವೂ ಬರಬಹುದಾ, ಕನ್ನಡದಲ್ಲಿ ಮಾತಾಡಬಹುದಾ?

ಎರಡು ತಿಂಗಳಾಯಿತು. ತೂಕ ವಾಪಸ್ ಬರುತ್ತಿದೆ. ನಿದ್ದೆ ಪರವಾಗಿಲ್ಲ. ಮದುವೆ ಊಟಕ್ಕೆ ಮಾತ್ರ ಈಗಲೂ ಬರಲ್ಲ ಅಂತಾಳೆ. ಒತ್ತಾಯ ಬೇಡ ಎಂದಿದ್ದೇನೆ. ಮುಂದಿನ ಅಧಿವೇಶನಕ್ಕೆ ಗೆಳತಿ ಸುಡಾನನ್ನೇ ಆರಿಸಿಕೊಂಡಿದ್ದಾಳೆ. ಅವಳು ಕೇಳಿದ ಮೊದಲ ಪ್ರಶ್ನೆಗೇ ಪುಟ್ಟಿಯ ಹತ್ತಿರ ಉತ್ತರ ಇರಲಿಲ್ಲವಂತೆ: “ಹಕ್ಕಿಪಿಕ್ಕಿಯವ್ರು ಅಷ್ಟು ದೂರದ ದಾರಿ ಹೇಗೆ ಕಂಡ್ಕೊಂಡ್ರು?” ಪುಟ್ಟಿಯ ಅಪ್ಪನ ಅಂಗಡಿಗೆ ಚನ್ನಗಿರಿ ಕಡೆಯ ಗಿರಾಕಿಗಳು ಬರುತ್ತಾರೆ. ಅವರ ಮೂಲಕ ವಿಚಾರಿಸಿ, ಅಲ್ಲಿಂದ ವಾಪಸ್ ಬಂದವರು ಯಾರಾದರೂ ಸಿಕ್ಕರೆ ಇಬ್ಬರನ್ನೂ ಕರೆದುಕೊಂಡು ಹೋಗುತ್ತೇನೆ ಎಂದು ಅಪ್ಪ ಹೇಳಿದ್ದಾರೆ.