ಪ್ರತಿಕ್ರಿಯೆ: ಜಲವರ್ಣದ ಫೋಟೋದಲ್ಲಿ ಕಾಗದ ಕೆಂಪಾಗುವುದೇಕೆ?

ಕುಮಟಾದ ಮನೆ ಜಗಲಿಯಲ್ಲಿ ತೆಗೆದ ನಿಮ್ಮ ಜಲವರ್ಣ ಚಿತ್ರದ ಫೋಟೋದಲ್ಲಿ ಬಿಳಿ ಕಾಗದ ಕೆಂಪಾಗಿದೆ, ಫ್ರೇಮಿನ ಗಾಜಿನಲ್ಲಿ ಕಿಟಕಿಯ ಪ್ರತಿಬಿಂಬ ಮೂಡಿದೆ, ಇದನ್ನು ಪ್ರದರ್ಶನದ ಆಯ್ಕೆಗೆ ಕಳಿಸಬಹುದೇ ಎಂದು ಕೇಳಿದ್ದೀರಿ. ಕಳಿಸಬೇಡಿ, ಮತ್ತೆ ತೆಗೆಯಿರಿ. ಮೊದಲು ಚಿತ್ರವನ್ನು ಫ್ರೇಮಿನಿಂದ ಹೊರತೆಗೆಯಿರಿ.

ಕೆಂಪು ಬರುವುದು ಅಂಗಳದ ಚಿರೆಕಲ್ಲಿನಿಂದ. ಬಿಸಿಲು ಅದಕ್ಕೆ ಬಡಿದು, ಅದೇ ಬಣ್ಣ ಹೊತ್ತು ಕಾಗದದ ಮೇಲೆ ಬೀಳುತ್ತದೆ. ತೋಟದ ಪಕ್ಕವಾದರೆ ಹಸಿರು. ಮೋಡ ಕವಿದ ದಿನ, ನೆಲಕ್ಕೆ ಬಿಳಿ ಪಂಚೆ ಹಾಸಿಕೊಂಡು ತೆಗೆಯಿರಿ. ಪಕ್ಕದಲ್ಲಿ ಬೂದು ಕಾರ್ಡ್ ಇಟ್ಟು ಒಂದು ಫೋಟೋ ತೆಗೆದಿಟ್ಟರೆ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವಂಥ ಬಣ್ಣದ ಹೊಂದಾಣಿಕೆ) ಸರಿಪಡಿಸುವುದು ಸುಲಭ. ನಮ್ಮ ಮಳೆಗಾಲದಲ್ಲಿ ಕಾಗದ ತೇವ ಹೀರಿ ಉಬ್ಬುತ್ತದೆ, ಆ ಅಲೆಗಳ ನೆರಳೂ ಫೋಟೋದಲ್ಲಿ ಕಾಣುತ್ತದೆ. ಎರಡು ಖಾಲಿ ಹಾಳೆಗಳ ನಡುವೆ ಇಟ್ಟು, ದಪ್ಪ ಪುಸ್ತಕಗಳಡಿ ಎರಡು ದಿನ ಒತ್ತಿಡಿ.

ಮೊಬೈಲನ್ನು ಚಿತ್ರದ ನಡುಮಧ್ಯಕ್ಕೆ ನೇರವಾಗಿ, ಸ್ಟ್ಯಾಂಡಿನ ಮೇಲೆ ತುಸು ದೂರವಿಟ್ಟು 2 ಪಟ್ಟು (2x) ಲೆನ್ಸ್ ಬಳಸಿ. ತೀರಾ ಹತ್ತಿರ ಹೋದರೆ ಅಂಚುಗಳು ಬಾಗುತ್ತವೆ.

ಕಾಗದದಂಚಿಗೆ ಕ್ರಾಪ್ ಮಾಡಿ, ಎಸ್‌ಆರ್‌ಜಿಬಿ ಜೆಪೆಗ್ (ಪರದೆಗಳಲ್ಲಿ ಸಾಮಾನ್ಯವಾಗಿ ಬಳಸುವ ಬಣ್ಣ ವ್ಯವಸ್ಥೆಯ ಫೋಟೋ ಫೈಲ್) ಆಗಿ ಉಳಿಸಿ. ‘300 ಡಿಪಿಐ’ (ಇಂಚಿಗೆ 300 ಚುಕ್ಕೆ) ಎಂಬುದೊಂದೇ ಏನನ್ನೂ ಹೇಳದು, ಪ್ರದರ್ಶನದವರು ಉದ್ದ ಬದಿಗೆ ಎಷ್ಟು ಪಿಕ್ಸೆಲ್ ಕೇಳಿದ್ದಾರೆ ನೋಡಿ: 10 ಇಂಚಿಗೆ 300 ಅಂದರೆ 3000 ಪಿಕ್ಸೆಲ್. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಬಂದ ಪ್ರತಿ ಕುಗ್ಗಿರುತ್ತದೆ. ಬೇರೆಯವರು ತೆಗೆದುಕೊಟ್ಟಿದ್ದರೆ ಡಾಕ್ಯುಮೆಂಟ್ ಆಗಿ ತರಿಸಿಕೊಳ್ಳಿ.