ಚಿಕ್ಕಮಗಳೂರಿನ ಪೋಲೊ ಡೀಸೆಲ್‌ಗೆ ರೀಮ್ಯಾಪ್ ಮಾಡಿಸಬಹುದಾ?

ನಿಮ್ಮ ಪ್ರಶ್ನೆ ಇಷ್ಟು: 2017ರ ಪೋಲೊ 1.5 ಟಿಡಿಐ, 92 ಸಾವಿರ ಕಿಲೋಮೀಟರ್ ಓಡಿದೆ, ಗಾಡಿ ಇರುವುದು ಚಿಕ್ಕಮಗಳೂರಿನಲ್ಲಿ. ನಾಲ್ಕು ಜನ ಕೂತು ಚಾರ್ಮಾಡಿ ಘಾಟಿ ಹತ್ತುವಾಗ, ಮುಳ್ಳಯ್ಯನಗಿರಿ ಕಡೆ ಹೋಗುವಾಗ ಎಳೆತ ಸಾಲದು. ಹಾಸನಕ್ಕೆ ಬಂದು ಹೋಗುವ ಟ್ಯೂನರ್ ಒಬ್ಬರು 25 ಸಾವಿರಕ್ಕೆ ರೀಮ್ಯಾಪ್ ಮಾಡಿ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್‌ನ (ಇಸಿಯು) ಫೈಲ್ ಬದಲಿಸಿ, 130 ಬಿಎಚ್‌ಪಿ, 300 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಕೊಡುತ್ತೇನೆ ಅಂದಿದ್ದಾರೆ. ಮಾಡಿಸಬಹುದಾ?

ಮಾಡಿಸಬಹುದು. ಆದರೆ 300ರ ಆಸೆ ಬಿಡಿ. 265-270 ಸಾಕು, ಅದೂ ಮಲೆನಾಡಿನ ಎತ್ತರವನ್ನು ಲೆಕ್ಕಕ್ಕೆ ಹಿಡಿದು ಬರೆದ ಫೈಲ್ ಆಗಿರಬೇಕು. ಈ ಎರಡನೆಯ ಮಾತನ್ನು ಟ್ಯೂನರ್‌ಗಳು ತಾವಾಗಿ ಎತ್ತುವುದು ಕಡಿಮೆ, ಹಾಗಾಗಿ ಅದನ್ನೇ ಮೊದಲು ಹೇಳುತ್ತೇನೆ.

ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ ಸುಮಾರು 1.01 ಬಾರ್. ಸಾವಿರ ಮೀಟರ್ ಆಸುಪಾಸಿನಲ್ಲಿರುವ ಚಿಕ್ಕಮಗಳೂರು, ಹಾಸನಗಳಲ್ಲಿ ಅದು 0.9. ಮುಳ್ಳಯ್ಯನಗಿರಿಯ ತುದಿ ಸುಮಾರು 1,930 ಮೀಟರ್, ಅಲ್ಲಿ 0.8ರ ಹತ್ತಿರ. ಎಂಜಿನ್‌ಗೆ ಒಟ್ಟು 2.2 ಬಾರ್ ಗಾಳಿ ತುಂಬಿಸಬೇಕು ಅಂತ ಇಟ್ಟುಕೊಳ್ಳಿ. ಮಂಗಳೂರಿನಲ್ಲಿ ಟರ್ಬೊ ಹೊರಗಿನ ಗಾಳಿಯನ್ನು 2.2 ಪಟ್ಟು ಒತ್ತಿದರೆ ಸಾಕು. ಚಿಕ್ಕಮಗಳೂರಿನಲ್ಲಿ 2.4 ಪಟ್ಟು, ಗಿರಿ ರಸ್ತೆಯ ಮೇಲ್ಭಾಗದಲ್ಲಿ 2.7 ಪಟ್ಟು ಒತ್ತಬೇಕು. ಟ್ಯೂನರ್ ಗುರಿಯನ್ನು 2.4 ಬಾರ್‌ಗೆ ಏರಿಸಿದರೆ ಅದೇ ಜಾಗದಲ್ಲಿ ಅದು ಹತ್ತಿರತ್ತಿರ 3 ಪಟ್ಟು. ಅಷ್ಟು ಒತ್ತಲು ಟರ್ಬೊದ ಚಕ್ರ ಅದರ ಮಿತಿ ಮೀರಿ ತಿರುಗುತ್ತದೆ, ಗಾಳಿ ವಿಪರೀತ ಕಾಯುತ್ತದೆ, ಬೇರಿಂಗ್ ಸವೆಯುತ್ತದೆ. ಶಾಫ್ಟ್‌ನಲ್ಲಿ ಆಟ ಬಂದ ಮೇಲೆ ಆಯಿಲ್ ಇಂಟೇಕ್ ಕಡೆ ಸೋರಲು ಶುರು.

ಕಂಪನಿ ಇದನ್ನು ಯೋಚಿಸದೆ ಬಿಟ್ಟಿಲ್ಲ. ಇಸಿಯು ಹೊರಗಿನ ಗಾಳಿಯ ಒತ್ತಡವನ್ನು ಅಳೆದು, ಮೇಲೆ ಹೋದಂತೆ ಬೂಸ್ಟ್ (ಟರ್ಬೊ ತುಂಬಿಸುವ ಗಾಳಿಯ ಒತ್ತಡ) ಗುರಿಯನ್ನು ತಾನೇ ಇಳಿಸುತ್ತದೆ, ಅದಕ್ಕೇ ಬೇರೆ ಮ್ಯಾಪ್ (ಫೈಲ್‌ನೊಳಗಿನ ಅಂಕಿಗಳ ಕೋಷ್ಟಕ) ಇದೆ. ಬಯಲುಸೀಮೆಯಲ್ಲೋ ಕರಾವಳಿಯಲ್ಲೋ ತಯಾರಾದ ಸಿದ್ಧ ಫೈಲ್‌ಗಳಲ್ಲಿ ಕೆಲವರು ಈ ಮ್ಯಾಪ್ ಅನ್ನು ಚಪ್ಪಟೆ ಮಾಡಿಬಿಟ್ಟಿರುತ್ತಾರೆ, ಪವರ್ ಎಲ್ಲ ಕಡೆ ಒಂದೇ ತರ ಸಿಗಲಿ ಅಂತ. ನಿಮಗೆ ಅದು ಆಗದು. ಟ್ಯೂನರ್‌ಗೆ ಕೇಳಬೇಕಾದ ಮೊದಲ ಪ್ರಶ್ನೆ: ‘ಅಟ್ಮಾಸ್ಫಿಯರಿಕ್ ಕರೆಕ್ಷನ್ ಮ್ಯಾಪ್ ಮುಟ್ಟುತ್ತೀರಾ?’ ಇಲ್ಲ, ಅದು ಸ್ಟಾಕ್ (ಕಂಪನಿ ಕೊಟ್ಟದ್ದು) ಇದ್ದಂತೆಯೇ ಇರುತ್ತದೆ ಅನ್ನುವ ಉತ್ತರ ಬಂದರೆ ಮಾತು ಮುಂದುವರಿಸಿ. ಪ್ರಶ್ನೆಯೇ ಅರ್ಥವಾಗದಿದ್ದರೆ ಅವರ ಕೈಗೆ ಗಾಡಿ ಕೊಡಬೇಡಿ.

ಇನ್ನು 300 ಯಾಕೆ ಬೇಡ ಅಂದರೆ, ನಿಮ್ಮ ಎಂಜಿನ್ ಸ್ಟಾಕ್‌ನಲ್ಲಿ 90 ಪಿಎಸ್, 230 ನ್ಯೂಟನ್ ಮೀಟರ್. ಇದೇ 1.5 ಲೀಟರ್‌ನಿಂದ ಕಂಪನಿ ಜಿಟಿ ಟಿಡಿಐನಲ್ಲಿ 110 ಪಿಎಸ್, 250 ತೆಗೆದಿದೆ. 300ಕ್ಕೆ ಹೋದರೆ ಮೊದಲು ಕೈಕೊಡುವುದು ಎಂಜಿನ್ ಅಲ್ಲ, ಕ್ಲಚ್. 92 ಸಾವಿರ ಓಡಿದ, ಘಾಟಿಯಲ್ಲಿ ಅರ್ಧ ಕ್ಲಚ್ ತಿಂದ ಪ್ಲೇಟ್‌ಗೆ 230 ಹಿಡಿಯುವುದೇ ಒಂದು ಕೆಲಸ. ಟಾರ್ಕ್ ಎಷ್ಟು ಅನ್ನುವುದರ ಜೊತೆಗೆ ಎಲ್ಲಿ ಬರುತ್ತದೆ ಅನ್ನುವುದೂ ಮುಖ್ಯ. 1,600 ಆರ್‌ಪಿಎಂನಲ್ಲಿ 300 ಒಮ್ಮೆಲೇ ಬಿದ್ದರೆ ಕ್ಲಚ್, ಗೇರ್‌ಬಾಕ್ಸ್, ಕನೆಕ್ಟಿಂಗ್ ರಾಡ್ ಎಲ್ಲದಕ್ಕೂ ಪೆಟ್ಟು. 1,900ರಿಂದ ನಿಧಾನಕ್ಕೆ ಏರಿ 270ಕ್ಕೆ ನಿಂತರೆ ಅಷ್ಟು ಪೆಟ್ಟಿಲ್ಲ. ಲೆಕ್ಕ ಹಾಕಿದರೆ 2,000 ಆರ್‌ಪಿಎಂನಲ್ಲಿ 230 ಅಂದರೆ ಸುಮಾರು 65 ಪಿಎಸ್, 270 ಅಂದರೆ 77. ಘಾಟಿಯ ಏರಿನಲ್ಲಿ ಈ 12 ಪಿಎಸ್ ಚೆನ್ನಾಗಿಯೇ ಗೊತ್ತಾಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ನಿರೀಕ್ಷೆ ಇಟ್ಟುಕೊಳ್ಳಬೇಡಿ. ಹೇರ್‌ಪಿನ್ ತಿರುವಿನಲ್ಲಿ 1,200ಕ್ಕೆ ಇಳಿದ ಎಂಜಿನ್‌ಗೆ ಯಾವ ಫೈಲ್ ಹಾಕಿದರೂ ಟರ್ಬೊ ತಿರುಗಿಸುವಷ್ಟು ಹೊಗೆಯ ರಭಸ ಇರುವುದಿಲ್ಲ. ಅಲ್ಲಿ ಒಂದು ಗೇರ್ ಇಳಿಸಲೇಬೇಕು. ಆ ಜಾಗದಲ್ಲಿ ಎಳೆಯುತ್ತದೆ ಅಂತ ತೋರಿಸಲು ಕೆಲವರು ಬರೀ ಡೀಸೆಲ್ ಜಾಸ್ತಿ ಸುರಿಸುತ್ತಾರೆ. ಬರುವುದು ಕಪ್ಪು ಹೊಗೆ, ಇಜಿಆರ್‌ನಲ್ಲಿ (ಹೊಗೆಯ ಒಂದು ಭಾಗವನ್ನು ಮತ್ತೆ ಎಂಜಿನ್‌ಗೆ ಕಳಿಸುವ ವಾಲ್ವ್) ಮಸಿ.

ಲ್ಯಾಪ್‌ಟಾಪ್ ಹಚ್ಚುವ ಮೊದಲು ಗಾಡಿಯ ಆರೋಗ್ಯ ನೋಡಿ. ಸ್ಟಾಕ್‌ನಲ್ಲೇ ಸರಿ ಇಲ್ಲದ ಗಾಡಿಗೆ ರೀಮ್ಯಾಪ್ ಮಾಡಿಸಿದರೆ ಇರುವ ರೋಗ ಬಲಿಯುತ್ತದೆ ಅಷ್ಟೆ. ಕ್ಲಚ್ ಪರೀಕ್ಷೆ ಸುಲಭ: ಏರು ರಸ್ತೆಯಲ್ಲಿ ನಾಲ್ಕನೇ ಗೇರ್, 1,500 ಆರ್‌ಪಿಎಂ, ಆಕ್ಸಿಲರೇಟರ್ ಪೂರ್ತಿ ಒತ್ತಿ. ಸ್ಪೀಡ್ ಏರದೆ ಆರ್‌ಪಿಎಂ ಮುಳ್ಳು ಮಾತ್ರ ಮೇಲೆ ಹಾರಿದರೆ ಕ್ಲಚ್ ಜಾರುತ್ತಿದೆ, ಆ 25 ಸಾವಿರ ಅಲ್ಲಿಗೆ ಹೋಗಲಿ. ಆಮೇಲೆ ಟರ್ಬೊದಿಂದ ಬಂದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ನ ಹೋಸ್‌ಗಳು. ಕೀಲುಗಳಲ್ಲಿ ತೆಳುವಾಗಿ ಆಯಿಲ್ ಪಸೆ ಇರುವುದು ಸಹಜ, ಆದರೆ ಅದರ ಮೇಲೆ ಧೂಳು ಕೂತು ಒಂದೇ ಕಡೆ ಕಪ್ಪು ಗೆರೆ ಎಳೆದಂತಿದ್ದರೆ ಅಲ್ಲಿಂದ ಬೂಸ್ಟ್ ಸೋರುತ್ತಿದೆ. ಕೈಯಲ್ಲಿ ಹೋಸ್ ಬಗ್ಗಿಸಿ ನೋಡಿ, ಬಿರುಕು ಬಗ್ಗಿಸಿದಾಗಲೇ ಕಾಣುವುದು. ತೋಟದ ಮಣ್ಣು ರಸ್ತೆಯಲ್ಲಿ ಓಡಾಡಿದ್ದರೆ ಏರ್ ಫಿಲ್ಟರ್ ಹೊಸದು ಹಾಕಿ, ಡೀಸೆಲ್ ಫಿಲ್ಟರ್ ಕೂಡ. ಟೈಮಿಂಗ್ ಬೆಲ್ಟ್ ಬದಲಿಸುವ ಹೊತ್ತು ಬಂದಿದೆಯಾ ಅಂತ ಸರ್ವಿಸ್ ಪುಸ್ತಕ ತೆಗೆದು ನೋಡಿ.

ಇಷ್ಟಾದ ಮೇಲೆ ಸ್ಟಾಕ್ ಸ್ಥಿತಿಯಲ್ಲೇ ಒಂದು ಲಾಗ್ (ಓಡುವಾಗ ಇಸಿಯು ತೋರಿಸುವ ಅಂಕಿಗಳ ದಾಖಲೆ) ತೆಗೆಯಿರಿ. ವಿಸಿಡಿಎಸ್ (ಫೋಕ್ಸ್‌ವ್ಯಾಗನ್ ಗಾಡಿಗಳ ತಪಾಸಣೆಯ ಸಾಫ್ಟ್‌ವೇರ್) ಇರುವ ಮೆಕ್ಯಾನಿಕ್ ಸಿಕ್ಕರೆ ಒಳ್ಳೆಯದು. ಗಾಡಿಯ ತಪಾಸಣಾ ಪೋರ್ಟ್‌ಗೆ (ಒಬಿಡಿ) ಸಿಕ್ಕಿಸುವ ಸಾಮಾನ್ಯ ಬ್ಲೂಟೂತ್ ಅಡಾಪ್ಟರ್‌ನಲ್ಲೂ ಸಾಕಷ್ಟು ಕಾಣುತ್ತದೆ, ಆದರೆ ಅದರ ಬೂಸ್ಟ್ ಅಂಕಿ 255 ಕಿಲೋಪ್ಯಾಸ್ಕಲ್‌ಗೆ (2.55 ಬಾರ್) ನಿಂತುಬಿಡುತ್ತದೆ, ನೆನಪಿರಲಿ. ಖಾಲಿ ರಸ್ತೆಯಲ್ಲಿ ಮೂರನೇ ಗೇರ್‌ನಲ್ಲಿ 1,500ರಿಂದ 4,000ದವರೆಗೆ ಪೂರ್ತಿ ಒತ್ತಿ ಒಂದು ಓಟ. ಫೋನೋ ಲ್ಯಾಪ್‌ಟಾಪೋ ಪಕ್ಕದವರ ಕೈಯಲ್ಲಿರಲಿ. ಬೇಕಾದದ್ದು ಬೂಸ್ಟ್ ಕೇಳಿದ್ದು ಎಷ್ಟು, ಬಂದದ್ದು ಎಷ್ಟು, ರೈಲ್ ಪ್ರೆಶರ್ (ಇಂಜೆಕ್ಟರ್‌ಗೆ ಹೋಗುವ ಡೀಸೆಲ್‌ನ ಒತ್ತಡ) ಕೇಳಿದ್ದು, ಬಂದದ್ದು, ಒಳಗೆ ಹೋದ ಗಾಳಿಯ ತೂಕ, ಡೀಸೆಲ್ ಪ್ರಮಾಣ. ಸ್ಟಾಕ್‌ನಲ್ಲೇ ಬಂದದ್ದು ಕೇಳಿದ್ದಕ್ಕಿಂತ ಕಡಿಮೆ ಇದ್ದರೆ ಮೊದಲು ಅದನ್ನು ಸರಿಮಾಡಿಸಿ. ಅರ್ಧ ಜನರ ‘ಪಿಕಪ್ ಇಲ್ಲ’ ದೂರು ಸೋರುವ ಹೋಸ್‌ನಲ್ಲಿ, ಮಸಿ ಹಿಡಿದು ಅಂಟಿಕೊಂಡ ಟರ್ಬೊ ವೇನ್‌ನಲ್ಲಿ (ಟರ್ಬೊಗೆ ಹೋಗುವ ಹೊಗೆಯನ್ನು ಹತೋಟಿಯಲ್ಲಿಡುವ ರೆಕ್ಕೆ) ಮುಗಿದುಹೋಗುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಫೈಲ್ ಬರೆಯುವ ದಿನ: ಇಸಿಯುಗಳಲ್ಲಿ ಕೆಲವನ್ನು ಒಬಿಡಿ ಪೋರ್ಟ್‌ನಿಂದಲೇ ಬರೆಯಬಹುದು, ಕೆಲವನ್ನು ಬಿಚ್ಚಿ ಟೇಬಲ್ ಮೇಲಿಟ್ಟು ಬರೆಯಬೇಕು. ಬಿಚ್ಚಿದರೆ ಮುಚ್ಚಳಕ್ಕೆ ಸೀಲಂಟ್ ಸರಿಯಾಗಿ ಹಾಕಿಸಿ, ನಮ್ಮ ಮಳೆಗಾಲದ ತೇವ ಒಳಗೆ ಹೋದರೆ ಇಸಿಯು ಉಳಿಯುವುದಿಲ್ಲ. ನಿಮ್ಮ ಗಾಡಿಯಿಂದಲೇ ಮೂಲ ಫೈಲ್ ಓದಿ, ಅದರ ಒಂದು ಪ್ರತಿ ಪೆನ್‌ಡ್ರೈವ್‌ನಲ್ಲಿ ನಿಮ್ಮ ಕೈಗೆ ಕೊಡಲಿ. ಗಾಡಿಯಿಂದ ಓದದೆ, ಸಾಫ್ಟ್‌ವೇರ್ ನಂಬರ್ ನೋಡಿ ಸರ್ವರ್‌ನಿಂದ ಇಳಿಸಿದ ಫೈಲ್ ಅನ್ನೇ ‘ಒರಿಜಿನಲ್’ ಅನ್ನುವವರಿದ್ದಾರೆ, ಆ ಬಗ್ಗೆ ನೇರವಾಗಿ ಕೇಳಿ. ಬರೆಯುವಾಗ ಬ್ಯಾಟರಿಗೆ 13 ವೋಲ್ಟ್ ಮೇಲೆ ಹಿಡಿದಿಡುವ ಸಪ್ಲೈ ಹಾಕಲೇಬೇಕು. ಎಸಿ, ಲೈಟ್, ಫ್ಯಾನ್ ಎಲ್ಲ ಆಫ್. ಅರ್ಧದಲ್ಲಿ ವೋಲ್ಟೇಜ್ ಬಿದ್ದರೆ ಗಾಡಿ ನಿಂತಲ್ಲೇ ನಿಲ್ಲುತ್ತದೆ.

ಬರೆದಾದ ಮೇಲೆ ಅದೇ ರಸ್ತೆ, ಅದೇ ಗೇರ್, ಅದೇ ಓಟ. ಗಾಳಿಯ ತೂಕವನ್ನು ಡೀಸೆಲ್ ತೂಕದಿಂದ ಭಾಗಿಸಿ: ಒಂದು ಸ್ಟ್ರೋಕ್‌ಗೆ 800 ಮಿಲಿಗ್ರಾಂ ಗಾಳಿಗೆ 46 ಮಿಲಿಗ್ರಾಂ ಡೀಸೆಲ್ ಅಂದರೆ 17.4, ಇದು ಲ್ಯಾಂಬ್ಡ 1.2, ಅಂದರೆ ಡೀಸೆಲ್ ಪೂರ್ತಿ ಉರಿಯಲು ಬೇಕಾದ ಗಾಳಿಯ 1.2 ಪಟ್ಟು. ಪೂರ್ತಿ ಒತ್ತಿದಾಗ ಇದಕ್ಕಿಂತ ಕೆಳಗೆ ಇಳಿಯಬಾರದು. ಇಳಿದರೆ ಹೊಗೆ ಕಪ್ಪಾಗುತ್ತದೆ, ಸೈಲೆನ್ಸರ್ ಕಡೆ ಹೋಗುವ ಬಿಸಿ ಏರುತ್ತದೆ, ಹತ್ತಿಪ್ಪತ್ತು ಕಿಲೋಮೀಟರ್ ಒಂದೇ ಸಮನೆ ಹತ್ತುವ ಘಾಟಿಯಲ್ಲಿ ಆ ಬಿಸಿ ತಣಿಯಲು ಬಿಡುವೇ ಸಿಗುವುದಿಲ್ಲ. ಬೂಸ್ಟ್ ಗುರಿಗಿಂತ 0.1 ಬಾರ್ ಕ್ಷಣಕಾಲ ಜಿಗಿದರೆ ಚಿಂತೆಯಿಲ್ಲ. 0.2 ದಾಟಿ ಅಲ್ಲೇ ನಿಂತರೆ ಪಿ0234 ಕೋಡ್ ಬಂದು ಗಾಡಿ ಲಿಂಪ್ ಮೋಡ್‌ಗೆ (ಪವರ್ ತಾನೇ ತಗ್ಗಿಸಿಕೊಳ್ಳುವ ಸ್ಥಿತಿ) ಹೋಗುತ್ತದೆ. ಬೂಸ್ಟ್ ಸಾಲದಿದ್ದರೆ ಪಿ0299, ರೈಲ್ ಪ್ರೆಶರ್ ಬಿದ್ದರೆ ಪಿ0087. ಇದೇ ಲಾಗ್ ಅನ್ನು ಗಿರಿ ರಸ್ತೆಯಲ್ಲಿ ಮತ್ತೊಮ್ಮೆ ತೆಗೆಯಿರಿ. ಮೇಲೆ ಹೋದಂತೆ ಬೂಸ್ಟ್ ಗುರಿ ತಾನೇ ಇಳಿದಿರಬೇಕು. ಊರಿನಲ್ಲಿದ್ದ ಅಂಕಿಯೇ ಅಲ್ಲೂ ಇದ್ದರೆ ಕರೆಕ್ಷನ್ ಮ್ಯಾಪ್ ಮುಟ್ಟಿದ್ದಾರೆ ಎಂದೇ ಅರ್ಥ, ಫೈಲ್ ವಾಪಸ್ ತಿದ್ದಿಸಿ.

ರೀಮ್ಯಾಪ್ ಬದಲು ಸೆನ್ಸರ್ ತಂತಿಗೆ ಸಿಕ್ಕಿಸುವ ಟ್ಯೂನಿಂಗ್ ಬಾಕ್ಸ್ ಹಾಕೋಣ ಅಂದುಕೊಂಡರೆ, ಬೇಡ. ರೈಲ್ ಪ್ರೆಶರ್ ಕಡಿಮೆ ಇದೆ ಅಂತ ಅದು ಇಸಿಯುಗೆ ಸುಳ್ಳು ಹೇಳುತ್ತದೆ, ಇಸಿಯು ನಂಬಿ ಪಂಪಿನಿಂದ ಜಾಸ್ತಿ ಒತ್ತಡ ಕೇಳುತ್ತದೆ. ಒಬಿಡಿಗೆ ಚುಚ್ಚುವ ಐನೂರು-ಸಾವಿರ ರೂಪಾಯಿಯವುಗಳಲ್ಲಿ ಲೈಟ್ ಮಿನುಗುವುದು ಬಿಟ್ಟು ಏನೂ ಇಲ್ಲ. ಇಜಿಆರ್ ಆಫ್ ಮಾಡಿಕೊಡುತ್ತೇನೆ ಅಂದರೂ ಒಪ್ಪಬೇಡಿ.

ಕಾನೂನಿನ ಕಡೆ ಕಣ್ಣುಮುಚ್ಚಿ ಕೂರಬೇಡಿ. ಗಾಡಿಯ ನೋಂದಣಿ ವಿವರ ಕಂಪನಿ ಕೊಟ್ಟದ್ದಕ್ಕಿಂತ ಬೇರೆಯಾಗುವ ಬದಲಾವಣೆಯನ್ನು ಮೋಟಾರು ವಾಹನ ಕಾಯ್ದೆ, 1988ರ 52ನೇ ಸೆಕ್ಷನ್ ತಡೆಯುತ್ತದೆ. ಇನ್ಶೂರೆನ್ಸ್‌ನವರಿಗೆ ತಿಳಿಸದೆ ಮಾಡಿಸಿ, ಅಪಘಾತದ ನಂತರ ಅದು ಹೊರಬಿದ್ದರೆ ಕ್ಲೇಮ್ ತಿರಸ್ಕರಿಸಲು ಅವರಿಗೆ ಕಾರಣ ಸಿಕ್ಕಂತೆ, ಪಾಲಿಸಿ ಓದಿ ಬರಹದಲ್ಲಿ ಕೇಳಿ. ಹೊಗೆ ತಪಾಸಣೆಯಲ್ಲಿ ಬಿಎಸ್4 ಡೀಸೆಲ್‌ಗೆ ಮಿತಿ 50 ಎಚ್‌ಎಸ್‌ಯು (ಹೊಗೆಯ ದಟ್ಟಣೆಯ ಅಳತೆ). ಫೈಲ್ ಹಾಕಿಸಿದ ವಾರದಲ್ಲೇ ಎಮಿಷನ್ ಟೆಸ್ಟ್ ಮಾಡಿಸಿ, ಬಂದ ಅಂಕಿಯನ್ನು ಹಳೆಯ ಸರ್ಟಿಫಿಕೇಟ್ ಜೊತೆ ಹೋಲಿಸಿ. ಕಂಪನಿ ಸರ್ವಿಸ್‌ಗೆ ಬಿಡುವಾಗ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಬೇಡಿ ಅಂತ ಹೇಳಿ, ಮಾಡಿದರೆ ನಿಮ್ಮ ಫೈಲ್ ಅಳಿಸಿಹೋಗುತ್ತದೆ.

ಆಯಿಲ್ 15 ಸಾವಿರ ಕಿಲೋಮೀಟರ್‌ಗೆ ಬದಲು 10 ಸಾವಿರಕ್ಕೇ ಬದಲಿಸಿ, ಪುಸ್ತಕದಲ್ಲಿರುವ ಫೋಕ್ಸ್‌ವ್ಯಾಗನ್ ದರ್ಜೆಯದ್ದೇ ಇರಲಿ. ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಲ್ಲಿಸಿದಾಗ ಕೀ ತಿರುಗಿಸುವ ಮೊದಲು ಒಂದು ನಿಮಿಷ ಎಂಜಿನ್ ಐಡ್ಲಿಂಗ್‌ನಲ್ಲಿರಲಿ. ಕೆಂಪಗೆ ಕಾದ ಟರ್ಬೊಗೆ ಆಯಿಲ್ ಹರಿವು ಒಮ್ಮೆಲೇ ನಿಂತರೆ ಆಯಿಲ್ ಅಲ್ಲೇ ಸುಟ್ಟು ಕರಿಕಟ್ಟುತ್ತದೆ.